ಪಂಡಿತ ಮಧುಸೂದನ ಗುಪ್ತರ ವಿದ್ಯಾಮಾರ್ಗ

ಶಾಸ್ತ್ರವನ್ನು ಮಾತ್ರ ಓದಿ ಕೈಗೆಲಸವನ್ನರಿಯದ ವೈದ್ಯನೂ, ಕೈಗೆಲಸವನ್ನು ಮಾತ್ರ ಕಲಿತು ಶಾಸ್ತ್ರವನ್ನರಿಯದ ವೈದ್ಯನೂ ಒಂದೇ ರೆಕ್ಕೆಯ ಹಕ್ಕಿಗಳಂತೆ ಎಂಬ ಅಭಿಪ್ರಾಯವು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿದೆ. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ಈ ಮಾತನ್ನು ಅಲಂಕಾರಪಾಠದಲ್ಲಿ ಉದಾಹರಿಸುತ್ತಿದ್ದರು. ಉಪಮಾನವಾವುದು, ಉಪಮೇಯವಾವುದು, ಸಾಧಾರಣಧರ್ಮವಾವುದು ಎಂದು ಬಿಡಿಸಿ ಹೇಳಿ ನಾವು ಸೈ ಎನ್ನಿಸಿಕೊಳ್ಳುತ್ತಿದ್ದೆವು. ಆ ಹಕ್ಕಿಗೆ ಎರಡನೆಯ ರೆಕ್ಕೆಯು ಎಲ್ಲಿಂದ ಬರಬೇಕೆಂಬ ಪ್ರಶ್ನೆಯು ನಮ್ಮಲ್ಲಿ ಯಾರಿಗೂ ಹುಟ್ಟಲಿಲ್ಲ.

ಆ ಪ್ರಶ್ನೆಯು ಒಬ್ಬ ಸಂಸ್ಕೃತ ಪಂಡಿತರಿಗೆ ಸುಮಾರು ಇನ್ನೂರು ವರ್ಷಗಳ ಹಿಂದೆ ಹುಟ್ಟಿತ್ತು. ಅವರು ಬಂಗಾಳದ ಮಧುಸೂದನ ಗುಪ್ತರು. ಸಂಸ್ಕೃತದಲ್ಲಿ ವೈದ್ಯಗ್ರಂಥಗಳನ್ನೋದಿದ ಇವರು ಮುಂದೆ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಚೂರಿ ಹಿಡಿದು ಮಾನವಶರೀರವನ್ನು ಛೇದಿಸಿದರು. ನಡುವಯಸ್ಸಿನಲ್ಲಿ ಪರೀಕ್ಷೆಗೆ ಕುಳಿತು ಪಾಶ್ಚಾತ್ಯ ವೈದ್ಯದ ಯೋಗ್ಯತಾಪತ್ರವನ್ನು ಪಡೆದರು. ವೈದ್ಯವೃತ್ತಿಗೆ ಹೋಗುವ ರಾಜಮಾರ್ಗವನ್ನು ಬಿಟ್ಟು ಇಂಥ ಕಾಲುದಾರಿಯಿಂದ ಹೋದವರು ವಿರಳ. ಅವರ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ದಿನದ ಸಾಹಸವೆಂಬಂತೆ ಹೇಳುವುದುಂಟು. ಆ ಒಂದು ದಿನದ ಹಿಂದೆ ಎಷ್ಟು ವರ್ಷಗಳ ಓದಿತ್ತು, ಅದರ ಮುಂದೆ ಎಷ್ಟು ವರ್ಷಗಳ ವಿನಯವಿತ್ತು ಎಂಬುದನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಮಧುಸೂದನ ಗುಪ್ತರು ಹುಟ್ಟಿದುದು ಸುಮಾರು ೧೮೦೦ನೆಯ ಇಸವಿಯಲ್ಲಿ, ಹೂಗ್ಲಿ ಜಿಲ್ಲೆಯ ವೈದ್ಯವಾಟಿ ಎಂಬ ಊರಿನಲ್ಲಿ. ಬಂಗಾಳದಲ್ಲಿ ವೈದ್ಯರೆಂಬುದು ಒಂದು ಜಾತಿಯ ಹೆಸರೂ ಹೌದು. ಆ ಕುಲದವರು ಸಂಸ್ಕೃತವನ್ನು ಕಲಿತು ಚರಕ ಸುಶ್ರುತಾದಿ ಗ್ರಂಥಗಳನ್ನೋದಿ ಕವಿರಾಜರೆಂದು ಕರೆಯಿಸಿಕೊಂಡು ಚಿಕಿತ್ಸೆ ಮಾಡುತ್ತಿದ್ದರು. ಕಲ್ಕತ್ತೆಯಲ್ಲಿ ೧೮೨೪ರಲ್ಲಿ ಸರ್ಕಾರದವರು ಸಂಸ್ಕೃತ ಕಾಲೇಜನ್ನು ತೆರೆದರು. ಕೆಲವು ವರ್ಷಗಳಲ್ಲಿಯೇ ಅಲ್ಲಿ ವ್ಯಾಕರಣ, ನ್ಯಾಯ, ಸ್ಮೃತಿಗಳ ಜೊತೆಗೆ ವೈದ್ಯಕದ ತರಗತಿಯೊಂದು ಏರ್ಪಟ್ಟಿತು. ಮಧುಸೂದನರು ಆ ತರಗತಿಯ ವಿದ್ಯಾರ್ಥಿಗಳಾದರು.

ಈ ತರಗತಿಯ ವಿಷಯವಾಗಿ ಎರಡು ಮಾತು ಹೇಳಬೇಕಾಗಿದೆ. ಅಲ್ಲಿ ಮುಖ್ಯಪಾಠವು ಸಂಸ್ಕೃತ ಗ್ರಂಥಗಳದೇ. ಆದರೆ ಟೈಟ್ಲರ್ ಎಂಬ ಆಂಗ್ಲ ವೈದ್ಯರು ಯೂರೋಪಿನ ಅಂಗರಚನಾಶಾಸ್ತ್ರದ ಪ್ರವಚನಗಳನ್ನೂ ಕೊಡುತ್ತಿದ್ದರು. ಇವರು ಅರಬ್ಬೀ ಭಾಷೆಯನ್ನು ಬಲ್ಲವರು. ಹೂಪರ್ ಎಂಬವನು ಬರೆದ ಅಂಗರಚನಾಗ್ರಂಥವನ್ನು ಆ ಭಾಷೆಗೆ ತಿರುಗಿಸಿದವರು. ವಿದ್ಯಾರ್ಥಿಗಳು ಮನುಷ್ಯರ ಎಲುಬುಗಳನ್ನು ಹೇಸದೆ ಕೈಯಲ್ಲಿ ಹಿಡಿದು ಪರೀಕ್ಷಿಸುತ್ತಿದ್ದರೆಂದೂ, ಪ್ರಾಣಿಗಳ ಅಂಗಗಳನ್ನು ಕೊಯ್ದು ನೋಡುವುದರಲ್ಲಿ ನೆರವಾಗುತ್ತಿದ್ದರೆಂದೂ ಪ್ರಸಿದ್ಧ ಸಂಸ್ಕೃತಜ್ಞರಾದ ವಿಲ್ಸನ್ನರು ವರದಿ ಮಾಡಿದ್ದರು. ಆದುದರಿಂದ ಸಂಸ್ಕೃತ ಪಾಠಶಾಲೆಯೆಂದರೆ ಕಣ್ಣುಮುಚ್ಚಿ ಉರುಹೊಡೆಯುವ ಸ್ಥಳವಾಗಿತ್ತೆಂದೂ, ಮುಂದೆ ನಡೆದುದೆಲ್ಲ ಇಂಗ್ಲೀಷಿನ ಸ್ಪರ್ಶಮಾತ್ರದಿಂದ ನಡೆಯಿತೆಂದೂ ಭಾವಿಸುವವರು ಈ ಸಂಗತಿಯನ್ನು ಗಮನಿಸತಕ್ಕುದು.

೧೮೩೦ರಲ್ಲಿ ಒಂದು ವಿಚಿತ್ರವು ನಡೆಯಿತು. ವೈದ್ಯಕ ತರಗತಿಯ ಪಂಡಿತರ ಸ್ಥಾನಕ್ಕೆ ಅಧಿಕಾರಿಗಳು ಮಧುಸೂದನರನ್ನೇ ನಿಯಮಿಸಿದರು. ನಿನ್ನೆಯವರೆಗೆ ತಮ್ಮ ಪಂಕ್ತಿಯಲ್ಲಿ ಕುಳಿತವನು ಇಂದು ಪೀಠದ ಮೇಲೆ ಕುಳಿತು ಪಾಠ ಹೇಳುವನೆಂದರೆ ಸಹಪಾಠಿಗಳಿಗೆ ಹೇಗಿದ್ದೀತು? ಅವರು ಪ್ರತಿಭಟಿಸಿದರು. ನಿಯಮನವು ಮಾತ್ರ ಬದಲಾಗಲಿಲ್ಲ. ಶಿಷ್ಯನಿಗೂ ಗುರುವಿಗೂ ನಡುವಣ ಗೆರೆಯನ್ನು ಮಧುಸೂದನರು ದಾಟಿದುದು ಇದು ಮೊದಲ ಸಲ. ಅದೇ ಗೆರೆಯನ್ನು ಅವರು ಹಿಮ್ಮುಖವಾಗಿ ಇನ್ನೊಮ್ಮೆ ದಾಟಿದುದನ್ನು ಮುಂದೆ ಹೇಳುತ್ತೇನೆ.

ಅಧ್ಯಾಪಕರಾದ ಮೇಲೆ ಅವರು ಕೈಗೊಂಡ ಕಾರ್ಯಗಳಲ್ಲಿ ಎರಡು ಮುಖ್ಯವಾದವು. ಒಂದು, ಸುಶ್ರುತಸಂಹಿತೆಯನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದುದು. ಈ ಗ್ರಂಥವು ೧೮೩೫-೩೬ರಲ್ಲಿ ಕಲ್ಕತ್ತೆಯಲ್ಲಿ ಎರಡು ಸಂಪುಟಗಳಾಗಿ ಹೊರಬಿದ್ದಿತು. ಇನ್ನೊಂದು, ಮೇಲೆ ಹೇಳಿದ ಹೂಪರನ ಅಂಗರಚನಾಗ್ರಂಥವನ್ನು ‘ಶಾರೀರವಿದ್ಯಾ’ ಎಂಬ ಹೆಸರಿನಿಂದ ಸಂಸ್ಕೃತಕ್ಕೆ ತಿರುಗಿಸಿದುದು. ಹೀಗೆ ಅವರ ಮೇಜಿನ ಮೇಲೆ ಒಂದು ಕಡೆ ಪ್ರಾಚೀನ ಶಲ್ಯತಂತ್ರ, ಮತ್ತೊಂದು ಕಡೆ ಲಂಡನ್ನಿನ ಪಠ್ಯಪುಸ್ತಕ. ಎರಡನ್ನೂ ಏಕಕಾಲದಲ್ಲಿ ಅಷ್ಟು ನಿಕಟವಾಗಿ ಓದಿದವರು ಆಗ ಈ ದೇಶದಲ್ಲಿ ಎಷ್ಟು ಜನರಿದ್ದಿರಬಹುದು!

ಈ ಎರಡು ಪುಸ್ತಕಗಳ ನಡುವೆ ಕುಳಿತವನಿಗೆ ಯಾವ ಸಂಕಟಗಳು ಬರುತ್ತವೆಂಬುದನ್ನು ಸಂಸ್ಕೃತ ಬಲ್ಲವರು ಊಹಿಸಬಹುದು. ಸುಶ್ರುತನು ಶಲ್ಯತಂತ್ರದ ಮತದಲ್ಲಿ ಎಲುಬುಗಳು ಮುನ್ನೂರು ಎನ್ನುತ್ತಾನೆ, ಚರಕದಲ್ಲಿ ಮುನ್ನೂರರವತ್ತು, ಇಂದಿನ ಶಾಸ್ತ್ರದಲ್ಲಿ ಪ್ರಾಯಕ್ಕೆ ಬಂದ ಮನುಷ್ಯನಿಗೆ ೨೦೬. ಹಲ್ಲು, ಉಗುರು, ಮೆಲ್ಲೆಲುಬುಗಳನ್ನು ಸೇರಿಸುವುದರಿಂದ ಈ ಭೇದವು ಬಹುಮಟ್ಟಿಗೆ ಉಂಟಾಯಿತೆಂದು ಸಮಾಧಾನ ಹೇಳಬಹುದು. ಆದರೆ ಸ್ನಾಯು ಎಂಬ ಒಂದು ಶಬ್ದವನ್ನು ತೆಗೆದುಕೊಳ್ಳಿ. ಸುಶ್ರುತನ ಸ್ನಾಯುಗಳು ತೊಂಬೈನೂರು. ದೋಣಿಯ ಹಲಗೆಗಳನ್ನು ಹಗ್ಗಗಳು ಬಿಗಿದಿಡುವಂತೆ ಅವು ಸಂಧಿಗಳನ್ನು ಬಿಗಿದಿಡುತ್ತವೆ. ಎಂದರೆ ಅವು ಬಂಧನಿಗಳು. ಇಂದು ನಾವು ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡವೆಂದು ತಿಳಿಯುತ್ತೇವೆ. ಬಂಗಾಳಿಗಳು ಸ್ನಾಯುವೆಂದರೆ ನರವೆಂದು ತಿಳಿಯುತ್ತಾರೆ. ಶಬ್ದವೊಂದೇ, ಪದಾರ್ಥಗಳು ಮೂರು! ಪದಾರ್ಥವನ್ನು ಕಣ್ಣಾರೆ ಕಾಣದೆ ಶಬ್ದವನ್ನು ಮಾತ್ರ ತಲೆಯಿಂದ ತಲೆಗೆ ದಾಟಿಸುತ್ತ ಬಂದರೆ ಅದು ಹೇಗೆ ಊರೂರು ಅಲೆಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಭಾಷಾಂತರಕಾರನ ಈ ತೊಡಕನ್ನು ಬಿಡಿಸಬಲ್ಲ ನಿಘಂಟು ಯಾವುದೂ ಇಲ್ಲ. ಅದನ್ನು ಬಿಡಿಸಬಲ್ಲದು ಶರೀರವೊಂದೇ.

ಇದನ್ನು ಸುಶ್ರುತನೇ ಹೇಳಿದ್ದಾನೆಂಬುದು ಇಲ್ಲಿ ಸ್ವಾರಸ್ಯ. ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಅದರ ವಿಧಾನವಿದೆ. ವಿಷದಿಂದಾಗಲಿ ದೀರ್ಘವ್ಯಾಧಿಯಿಂದಾಗಲಿ ಸಾಯದ, ಅತಿವೃದ್ಧನಲ್ಲದವನ ಶವವನ್ನು ಆರಿಸಿಕೊಳ್ಳಬೇಕು. ಕರುಳಿನ ಮಲವನ್ನು ತೆಗೆದುಹಾಕಿ, ಮುಂಜ, ದರ್ಭೆ, ನಾರು ಮುಂತಾದವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ನಿರ್ಜನಸ್ಥಳದಲ್ಲಿ ಹೊಳೆಯ ನೀರಿನಲ್ಲಿ ಇರಿಸಬೇಕು. ಏಳು ರಾತ್ರಿಗಳ ಮೇಲೆ ಅದನ್ನು ತೆಗೆದು, ಲಾವಂಚ, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲುಗೊಂಡು ಒಳಗಿನ ಒಂದೊಂದು ಅಂಗವನ್ನೂ ಕಣ್ಣಿನಿಂದ ನೋಡಬೇಕು. ಶಸ್ತ್ರಕರ್ಮವನ್ನು ಅಭ್ಯಾಸ ಮಾಡತಕ್ಕ ಕ್ರಮವೂ ಸೂತ್ರಸ್ಥಾನದಲ್ಲಿದೆ. ಶಿಷ್ಯನು ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆಯೂ, ಭೇದಿಸುವುದನ್ನು ನೀರು ತುಂಬಿದ ಚರ್ಮದ ಚೀಲಗಳ ಮೇಲೆಯೂ, ಸಿರೆಯನ್ನು ಚುಚ್ಚುವುದನ್ನು ನೈದಿಲೆಯ ದಂಟಿನ ಮೇಲೆಯೂ ಕಲಿಯಬೇಕು. ಇಷ್ಟು ಹೇಳಿದ ಗ್ರಂಥವನ್ನು ನಮ್ಮವರು ಶತಮಾನಗಳ ಕಾಲ ಪೂಜಿಸಿದರು. ಶವವನ್ನು ಮುಟ್ಟುವುದು ಅಶುಚಿಯೆಂದು ಆ ಅಧ್ಯಾಯವನ್ನು ಮಾತ್ರ ಬಾಯಿಪಾಠದಲ್ಲಿಯೇ ಬಿಟ್ಟರು.

ಇಷ್ಟರಲ್ಲಿ ಸರ್ಕಾರದ ನೀತಿಯು ಬದಲಾಯಿತು. ಕಲ್ಕತ್ತೆಯಲ್ಲಿ ದೇಶೀಯರಿಗೆ ವೈದ್ಯ ಕಲಿಸುವ ವ್ಯವಸ್ಥೆಯನ್ನು ವಿಚಾರಿಸುವುದಕ್ಕಾಗಿ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು ೧೮೩೩ರಲ್ಲಿ ಒಂದು ಸಮಿತಿಯನ್ನು ನೇಮಿಸಿದನು. ೧೮೩೫ನೆಯ ಇಸವಿ ಜನವರಿ ೨೮ರಂದು ಅವನ ಆಜ್ಞೆ ಹೊರಟಿತು. ೧೮೨೨ರಿಂದ ದೇಶಭಾಷೆಯಲ್ಲಿ ಪಾಠ ಹೇಳುತ್ತಿದ್ದ ವೈದ್ಯಶಾಲೆಯೂ, ಸಂಸ್ಕೃತ ಕಾಲೇಜಿನ ವೈದ್ಯಕ ತರಗತಿಯೂ, ಮದರಸದ ವೈದ್ಯ ತರಗತಿಯೂ ಒಟ್ಟಿಗೆ ರದ್ದಾದುವು. ಅವುಗಳ ಸ್ಥಾನದಲ್ಲಿ ಇಂಗ್ಲೀಷಿನಲ್ಲಿ ಮಾತ್ರ ಪಾಠ ನಡೆಯತಕ್ಕ ಹೊಸ ಮೆಡಿಕಲ್ ಕಾಲೇಜು ಹುಟ್ಟಿತು.

ಈ ಆಜ್ಞೆಯನ್ನು ಓದುವಾಗ ನನ್ನಂಥವನ ಮನಸ್ಸಿಗೆ ನೋವಾಗದೆ ಇರದು. ಒಂದು ಲೇಖನಿಯ ಗೀಟಿನಿಂದ ಒಂದು ಪರಂಪರೆಯ ಬಾಗಿಲನ್ನು ಮುಚ್ಚಿದರು. ತಾವು ಬೆಳೆಸಿದ ತರಗತಿಯೇ ಇಲ್ಲವಾದಾಗ ಮಧುಸೂದನರು ಏನು ಮಾಡಬಹುದಾಗಿತ್ತು? ವೈದ್ಯವಾಟಿಗೆ ಹಿಂದಿರುಗಿ ಕವಿರಾಜರಾಗಿ ಗೌರವದಿಂದ ಬಾಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ಹೊಸ ಕಾಲೇಜಿನಲ್ಲಿ ಆಂಗ್ಲ ಪ್ರಾಧ್ಯಾಪಕರಿಗೆ ಸಹಾಯಕರಾದ ದೇಶೀಯ ಅಧ್ಯಾಪಕರೆಂಬ ಕೆಳಗಣ ಸ್ಥಾನವನ್ನು ಒಪ್ಪಿಕೊಂಡು ಅಲ್ಲಿಗೆ ಹೋದರು. ಹಳೆಯ ವಿದ್ಯೆಗೆ ಅವರು ಬೆನ್ನು ತಿರುಗಿಸಿದರೆಂದು ಇದನ್ನು ಅರ್ಥಮಾಡುವುದು ಸರಿಯಲ್ಲ. ಅವರು ಅಚ್ಚು ಹಾಕಿಸುತ್ತಿದ್ದ ಸುಶ್ರುತವು ಆಗಲೂ ಮುದ್ರಣಾಲಯದಲ್ಲಿಯೇ ಇತ್ತು. ಪುಸ್ತಕವು ನೋಡೆಂದು ಹೇಳಿದುದನ್ನು ನೋಡುವ ಸ್ಥಳವು ಅದೊಂದೇ ಆಗಿದ್ದುದರಿಂದ ಅವರು ಅಲ್ಲಿಗೆ ಹೋದರೆಂದು ನಾನು ತಿಳಿದಿದ್ದೇನೆ.

ಕಾಲೇಜಿಗೆ ಮೊದಲು ೪೯ ಮಂದಿ ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಬ್ರಾಮ್ಲಿ ಎಂಬವರು ಮುಖ್ಯಸ್ಥರು. ಗುಡೀವ್ ಎಂಬವರು ಅಂಗರಚನೆಯ ಪ್ರಾಧ್ಯಾಪಕರು. ಮರದ ಮತ್ತು ಮೇಣದ ಪ್ರತಿಕೃತಿಗಳಿಂದಲೂ ಪ್ರಾಣಿಗಳ ಅಂಗಗಳಿಂದಲೂ ಎಷ್ಟು ದಿನ ಕಲಿಸಲಾದೀತು? ಮೇಲ್ಜಾತಿಯ ಹುಡುಗರು ಶವಕ್ಕೆ ಕೈಹಚ್ಚಿದರೆ ಬಹಿಷ್ಕಾರವಾದೀತು, ಕಾಲೇಜೇ ಬರಿದಾದೀತು ಎಂಬ ಭಯವು ಎಲ್ಲರಲ್ಲಿಯೂ ಇದ್ದಿತು. ಯಾರಾದರೂ ಒಬ್ಬರು ಮುಂದಾಗಬೇಕು. ಆ ಒಬ್ಬರು ಶಾಸ್ತ್ರವನ್ನರಿಯದ ಹುಡುಗನಾಗಿದ್ದರೆ ಊರಿನವರು ಅವನನ್ನು ಕೆಟ್ಟವನೆಂದು ತಳ್ಳಿಬಿಡುತ್ತಿದ್ದರು. ಶಾಸ್ತ್ರಗ್ರಂಥವನ್ನೇ ಪರಿಷ್ಕರಿಸಿದ ಪಂಡಿತನೊಬ್ಬನು ಮುಂದಾದರೆ ತಳ್ಳುವುದು ಅಷ್ಟು ಸುಲಭವಲ್ಲ.

ಆ ದಿನವು ೧೮೩೬ನೆಯ ಇಸವಿ ಜನವರಿ ೧೦ ಎಂದು ಬಹುಮಂದಿ ಹೇಳುತ್ತಾರೆ. ಅದೇ ವರ್ಷದ ಅಕ್ಟೋಬರ್ ೨೮ ಎಂದು ಹೇಳುವವರೂ ಉಂಟು. ಕೆಲವು ವರ್ಷಗಳ ಮೇಲೆ ಬಂಗಾಳಕ್ಕೆ ಬಂದು ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಸ್ಥಾಪಿಸಿದ ಬೆಥೂನ್ ಸಾಹೇಬರು ಆ ಸಂದರ್ಭವನ್ನು ಒಂದು ಭಾಷಣದಲ್ಲಿ ವರ್ಣಿಸಿದ್ದಾರೆ. ಅದರ ಸಾರಾಂಶವಿಷ್ಟು: ಗೊತ್ತಾದ ಹೊತ್ತಿಗೆ ಮಧುಸೂದನರು ಚೂರಿಯನ್ನು ಹಿಡಿದು ಗುಡೀವರ ಹಿಂದೆ ಶವವಿದ್ದ ಕೊಠಡಿಗೆ ಹೋದರು. ಉಳಿದ ವಿದ್ಯಾರ್ಥಿಗಳಿಗೆ ಕುತೂಹಲ ಒಂದು ಕಡೆ, ಅಂಜಿಕೆ ಮತ್ತೊಂದು ಕಡೆ. ಬಾಗಿಲ ಬಳಿ ಗುಂಪುಕೂಡಿ, ಕಿಟಕಿಯ ಪಟ್ಟಿಗಳ ಸಂದಿಯಿಂದ ಇಣಿಕಿ ನೋಡುತ್ತಿದ್ದರು. ಮಧುಸೂದನರ ಕೈ ನಡುಗಲಿಲ್ಲ. ಎದೆಯ ಮೇಲೆ ಉದ್ದವಾಗಿ ಆಳವಾಗಿ ಗೀರು ಬಿದ್ದಾಗ ನೋಡುತ್ತಿದ್ದವರೆಲ್ಲರೂ ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟರು.

ಆ ಹೊತ್ತಿನಲ್ಲಿ ಫೋರ್ಟ್ ವಿಲಿಯಂ ಕೋಟೆಯಿಂದ ತೋಪುಗಳನ್ನು ಹಾರಿಸಿದರೆಂಬ ಕಥೆಯು ಪ್ರಚಾರದಲ್ಲಿದೆ. ತೋಪು ಹಾರಲಿ, ಬಿಡಲಿ. ಅದರಿಂದ ಕಾರ್ಯದ ತೂಕವು ಹೆಚ್ಚುವುದೂ ಇಲ್ಲ, ಕಡಮೆಯಾಗುವುದೂ ಇಲ್ಲ. ಉಮಾಚರಣ ಸೇಟ್, ದ್ವಾರಕಾನಾಥ ಗುಪ್ತ, ರಾಜಕೃಷ್ಣ ದೇ, ನವೀನಚಂದ್ರ ಮಿತ್ರ ಎಂಬ ವಿದ್ಯಾರ್ಥಿಗಳು ಪಂಡಿತರ ದಾರಿಯಲ್ಲಿಯೇ ಚೂರಿ ಹಿಡಿದರು. ಬಹಿಷ್ಕಾರದ ಭಯದಿಂದ ಕಾಲೇಜು ಬರಿದಾಗಲಿಲ್ಲ. ೧೮೪೫ರಲ್ಲಿ ಗುಡೀವರು ನಾಲ್ವರು ಬಂಗಾಳಿ ವಿದ್ಯಾರ್ಥಿಗಳನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕರೆದೊಯ್ದರು. ಅವರಲ್ಲಿ ಇಬ್ಬರ ವೆಚ್ಚವನ್ನು ಕವಿ ರವೀಂದ್ರರ ಪಿತಾಮಹ ದ್ವಾರಕಾನಾಥ ಠಾಕೂರರು ವಹಿಸಿಕೊಂಡರು.

ಇಲ್ಲಿ ಒಂದು ಮಾತನ್ನು ಮರೆಯಲಾಗದು. ಬೆಥೂನರು ಮಧುಸೂದನರ ಚಿತ್ರಪಟವನ್ನು ಬರೆಯಿಸಿ ಕಾಲೇಜಿಗೆ ಅರ್ಪಿಸಿದರು. ಆದರೆ ಮೇಜಿನ ಮೇಲೆ ಮಲಗಿದ್ದವರ ಚಿತ್ರವನ್ನು ಯಾರೂ ಬರೆಯಿಸಲಿಲ್ಲ. ಆ ಕಾಲೇಜಿಗೆ ಬರುತ್ತಿದ್ದ ಶವಗಳು ದಿಕ್ಕಿಲ್ಲದ ಬಡವರವು, ಸಂಸ್ಕಾರಕ್ಕೆ ಕಟ್ಟಿಗೆಯೊದಗದವರವು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ನಮ್ಮ ವೈದ್ಯರ ವಿದ್ಯೆಯೆಲ್ಲವೂ ಆ ಋಣದ ಮೇಲೆ ನಿಂತಿದೆ. ಇಂದು ಮರಣಾನಂತರ ತಮ್ಮ ದೇಹವನ್ನು ವೈದ್ಯಶಾಲೆಗೆ ಕೊಡಬೇಕೆಂದು ಬದುಕಿರುವಾಗಲೇ ಬರೆದಿಡುವ ಗೃಹಸ್ಥರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಆ ಹಳೆಯ ಸಾಲವನ್ನು ತೀರಿಸುವವರು ಅವರೇ ಎಂದು ಹೇಳಬಹುದು.

ಇನ್ನು ಮೊದಲೇ ಸೂಚಿಸಿದ ಎರಡನೆಯ ಸಲದ ಮಾತು. ೧೮೩೯ರ ಹೊತ್ತಿಗೆ ಕಾಲೇಜಿನ ಮೊದಲ ತಂಡದ ವಿದ್ಯಾರ್ಥಿಗಳು ತೇರ್ಗಡೆಯಾಗಿ ವೈದ್ಯರಾದರು. ಅವರಿಗೆ ಶವಚ್ಛೇದದ ದಾರಿಯನ್ನು ತೋರಿಸಿದ ಪಂಡಿತರಿಗೆ ಮಾತ್ರ ವೈದ್ಯಪರೀಕ್ಷೆಯ ಯಾವ ಪತ್ರವೂ ಇರಲಿಲ್ಲ. ಅದಿಲ್ಲದಿದ್ದರೂ ಅವರ ಸಂಬಳಕ್ಕಾಗಲಿ ಕೀರ್ತಿಗಾಗಲಿ ಕುಂದು ಬರುತ್ತಿರಲಿಲ್ಲವೆಂದು ತೋರುತ್ತದೆ. ಆದರೂ ೧೮೪೦ರಲ್ಲಿ, ನಲವತ್ತರ ಸುಮಾರಿನ ವಯಸ್ಸಿನಲ್ಲಿ, ಮಧುಸೂದನರು ಶಿಷ್ಯರು ಕುಳಿತ ಪರೀಕ್ಷೆಗೆ ತಾವೂ ಕುಳಿತರು. ಅಂಗರಚನೆ, ರಸಾಯನ, ಔಷಧಶಾಸ್ತ್ರಾದಿಗಳಲ್ಲಿ ಪರೀಕ್ಷಕರಿಗೆ ಉತ್ತರ ಹೇಳಿ, ವೈದ್ಯ ಮತ್ತು ಶಸ್ತ್ರಚಿಕಿತ್ಸೆಗಳನ್ನು ನಡೆಸಲು ಅರ್ಹರೆಂದು ಯೋಗ್ಯತಾಪತ್ರವನ್ನು ಪಡೆದರು.

ಜನರು ಆ ಚೂರಿಯ ಗೀರನ್ನು ಸಾಹಸವೆಂದು ಕೊಂಡಾಡುತ್ತಾರೆ. ಮೂವತ್ತು ವರ್ಷಕ್ಕೆ ಮಿಕ್ಕಿ ಪಾಠ ಹೇಳಿದ ನನಗೆ ಈ ಎರಡನೆಯದೇ ಹೆಚ್ಚಿನ ಸಾಹಸವೆಂದು ತೋರುತ್ತದೆ. ಶವದ ಎದುರಿನಲ್ಲಿ ಧೈರ್ಯ ತಾಳುವುದು ಒಂದು ಗಳಿಗೆಯ ಕೆಲಸ. ತನ್ನ ಶಿಷ್ಯರು ಎದ್ದುಹೋದ ಬೆಂಚಿನ ಮೇಲೆ ತಾನು ಹೋಗಿ ಕುಳಿತುಕೊಳ್ಳಬೇಕಾದರೆ ಪಂಡಿತನಾದವನು ಒಳಗಿನ ಏನನ್ನೋ ಕೊಯ್ದುಹಾಕಬೇಕು. ಉಪಾಧ್ಯಾಯವೃತ್ತಿಯಲ್ಲಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಂದಿನ ಅವರ ಜೀವನವು ಕಲಿತುದನ್ನು ಹಂಚುವುದರಲ್ಲಿ ಕಳೆಯಿತು. ಸೈನ್ಯದ ವೈದ್ಯಸಹಾಯಕರಿಗಾಗಿ ಹಿಂದುಸ್ತಾನಿಯಲ್ಲಿ ನಡೆಯುತ್ತಿದ್ದ ತರಗತಿಯ ಮೇಲ್ವಿಚಾರಣೆಯು ಅವರ ಪಾಲಿಗೆ ಬಂದಿತು. ೧೮೪೯ರಲ್ಲಿ ಲಂಡನ್ನಿನ ಔಷಧಕೋಶವನ್ನು ಬಂಗಾಳಿಗೆ ತಿರುಗಿಸಿ ಪ್ರಕಟಿಸಿದರು. ೧೮೫೨ರಲ್ಲಿ ಇಂಗ್ಲೀಷನ್ನರಿಯದವರಿಗಾಗಿ ಬಂಗಾಳಿ ಭಾಷೆಯ ತರಗತಿಯನ್ನು ತೆರೆದಾಗ ಅದರ ಭಾರವನ್ನೂ ಅವರಿಗೇ ವಹಿಸಿದರು. ಈ ತರಗತಿಯೇ ೧೮೭೩ರಲ್ಲಿ ಸಿಯಾಲ್ದಾಕ್ಕೆ ಹೋಗಿ ಕ್ಯಾಂಬೆಲ್ ವೈದ್ಯಶಾಲೆಯಾಯಿತು. ಇಂದು ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜೆಂಬ ಹೆಸರಿನಿಂದ ನಡೆಯುತ್ತಿದೆ. ಸಂಸ್ಕೃತದಿಂದ ಇಂಗ್ಲೀಷಿಗೆ ಹೋದವರು ಅಲ್ಲಿಯೇ ನಿಂತುಬಿಡದೆ ಆ ವಿದ್ಯೆಯನ್ನು ಹೊತ್ತು ತಾಯ್ನುಡಿಗೆ ಹಿಂದಿರುಗಿದರೆಂಬುದು ನಾವು ಮುಖ್ಯವಾಗಿ ನೆನೆಯಬೇಕಾದ ಅಂಶ. ಮಧುಮೇಹದಿಂದ ನರಳುತ್ತಿದ್ದ ಅವರು ೧೮೫೬ನೆಯ ಇಸವಿ ನವೆಂಬರ್ ೧೫ರಂದು ವ್ರಣದ ನಂಜೇರಿ ತೀರಿಕೊಂಡರು.

ಈ ಚರಿತ್ರೆಯನ್ನು ನಾನು ಬರೆಯತೊಡಗಿದುದಕ್ಕೆ ಒಂದು ಕಾರಣವಿದೆ; ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನಾನು ಕೆಲಸದಲ್ಲಿದ್ದಾಗ ಒಂದು ದಿನ ಸಂಜೆ ನಮ್ಮ ಪಾಠಶಾಲೆಯ ಒಬ್ಬ ಹುಡುಗನು ಮನೆಗೆ ಬಂದನು. ಕಾವ್ಯಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದನು. ಖಾಸಗಿಯಾಗಿ ಎಸ್. ಎಸ್. ಎಲ್. ಸಿ. ಮಾಡಿಕೊಂಡು, ವಿಜ್ಞಾನ ಓದಿ, ವೈದ್ಯನಾಗಬೇಕೆಂಬ ಆಸೆಯಿದೆ, ನಿಮ್ಮ ಅಭಿಪ್ರಾಯವೇನು ಗುರುಗಳೇ ಎಂದು ಕೇಳಿದನು. ನಾನು ಹೆಚ್ಚು ಯೋಚಿಸಲಿಲ್ಲ. ‘ನಿನ್ನ ಓದಿನ ದಾರಿ ಬೇರೆ, ಆ ದಾರಿ ಬೇರೆ ಕಣಯ್ಯ. ಎರಡು ದೋಣಿಗಳ ಮೇಲೆ ಕಾಲಿಡಬೇಡ’ ಎಂದೆ. ಅವನು ನಮಸ್ಕರಿಸಿ ಹೋದನು. ಮರುವರ್ಷ ಪಾಠಶಾಲೆಯನ್ನೂ ಬಿಟ್ಟನು. ಈಚೆಗೆ ಒಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನನ್ನು ಕಂಡೆ. ತಂದೆಯನ್ನು ಕರೆತಂದಿದ್ದನು, ತಾನು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿರುವುದಾಗಿ ಹೇಳಿದನು. ವೈದ್ಯರು ಬರೆದುಕೊಟ್ಟ ಚೀಟಿಯನ್ನು ಅವನು ಅಕ್ಷರ ಅಕ್ಷರವಾಗಿ ಓದಿ, ಯಾವ ಗುಳಿಗೆ ಯಾತಕ್ಕೆಂದು ತಂದೆಗೆ ನಿಧಾನವಾಗಿ ವಿವರಿಸುತ್ತಿದ್ದನು. ನನ್ನನ್ನು ಕಂಡೊಡನೆ ಎದ್ದು ಕಾಲುಮುಟ್ಟಿದನು. ಹಳೆಯ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವನು ಆ ದಾರಿಯಲ್ಲಿ ಹೋಗಿದ್ದರೆ ಗುರಿ ಮುಟ್ಟುತ್ತಿದ್ದನೆಂದು ನಾನು ಹೇಳುವುದಿಲ್ಲ. ಇಂದಿನ ವೈದ್ಯಶಾಲೆಗಳ ಬಾಗಿಲು ಕಿರಿದು. ಭೌತ, ರಸಾಯನ, ಜೀವಶಾಸ್ತ್ರಗಳ ಪರೀಕ್ಷೆಯೇ ಅದರ ಬೀಗದಕೈ. ಅದು ಇರಬೇಕಾದುದೂ ಹೌದು. ಆದರೆ ಆ ಸಂಜೆ ನಾನು ಬೀಗದ ವಿಷಯವನ್ನು ಹೇಳಲಿಲ್ಲ; ದಾರಿಯೇ ಇಲ್ಲವೆಂದು ಹೇಳಿದೆ. ಸ್ನಾಯು ಎಂಬ ಶಬ್ದಕ್ಕೆ ಅಮರಕೋಶದ ಪರ್ಯಾಯಗಳನ್ನು ಒಪ್ಪಿಸಬಲ್ಲ ಹುಡುಗನಿಗೆ ಆ ಪದಾರ್ಥವನ್ನು ನೋಡಬೇಕೆಂಬ ಹಂಬಲ ಹುಟ್ಟಿದರೆ ಅದು ಓದಿನ ಭ್ರಂಶವಲ್ಲ, ಓದಿನ ಫಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ತಂದೆತಾಯಿಗಳಿದ್ದಾರೆ, ನನ್ನಂತೆ ಉಪಾಧ್ಯಾಯರಾಗಿದ್ದವರೂ ಇದ್ದಾರೆ. ಮಕ್ಕಳು ಒಂದು ಶಾಸ್ತ್ರದ ಅಂಗಳದಿಂದ ಮತ್ತೊಂದು ಶಾಸ್ತ್ರದ ಅಂಗಳಕ್ಕೆ ಹೋಗಬೇಕೆಂದು ಕೇಳಿಕೊಂಡು ಬಂದರೆ, ಉತ್ತರ ಕೊಡುವುದಕ್ಕೆ ಮೊದಲು ಒಂದು ದಿನ ತಡೆಯಿರಿ. ಹೋಗುವ ಕ್ರಮವನ್ನು ಬಲ್ಲವರನ್ನು ವಿಚಾರಿಸಿ. ಕಷ್ಟವಿದ್ದರೆ ಕಷ್ಟವಿದೆಯೆಂದು ಹೇಳಿ. ದಾರಿಯಿಲ್ಲವೆಂದು ಮಾತ್ರ ಹೇಳಬೇಡಿ.